ಶ್ರೀಶೈಲ ಪಾದಯಾತ್ರೆ ಮುಗಿಸಿ ಬಂದೆ, ಆದರೆ ಮುಗಿದ ಹಾಗೆ ಅನಿಸುತ್ತಿಲ್ಲ. ನಿಮಗೂ ಹೀಗಾಗಿತ್ತಾ?

ಕೊನೇ_ಸ್ಟಾಪ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆ ಕಡೆಯವನು, ಬಸ್ ಕಂಡಕ್ಟರ್. ಈ ಯುಗಾದಿಗೆ ಮೊದಲ ಸಲ ಶ್ರೀಶೈಲಕ್ಕೆ ನಡೆದು ಹೋದೆ. 13 ದಿನ, ಹೆಚ್ಚುಕಡಿಮೆ 400 ಕಿ.ಮೀ. ವಾಪಸ್ ಬಂದು ಇವತ್ತಿಗೆ 11 ದಿನ ಆಯಿತು. ಕೇಳಬೇಕಾದದ್ದು ಒಂದೇ ಮಾತು, ಆದರೆ ಒಂದೇ ಸಾಲಿನಲ್ಲಿ ಕೇಳಲು ಬರುತ್ತಿಲ್ಲ. ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಒಂದು ವಿಷಯ. 9 ವರ್ಷದಿಂದ ಯುಗಾದಿ ಬಂತೆಂದರೆ ನನಗೆ ಶ್ರೀಶೈಲ ಸ್ಪೆಷಲ್ ಬಸ್ಸಿನ ಡ್ಯೂಟಿ. ಹೋಗುವಾಗ ಬಸ್ಸು ಅರ್ಧ ಖಾಲಿ. ಬರುವಾಗ ಕಾಲಿಡಲು ಜಾಗ ಇರುವುದಿಲ್ಲ. ಜನ ನಡೆದು ಹೋಗುತ್ತಾರೆ, ಬಸ್ಸಿನಲ್ಲಿ ಬರುತ್ತಾರೆ, ಅದಕ್ಕೆ. ಬಸ್ಸಿನ ತುಂಬ ಬೆವರು, ವಿಭೂತಿ, ನೋವಿನ ಎಣ್ಣೆಯ ವಾಸನೆ. ಹದಿನೈದು ದಿನದ ಹಿಂದೆ ಇದೇ ಜನ ರಸ್ತೆ ತುಂಬ ಹಾಡುತ್ತ, ಮಲ್ಲಯ್ಯನ (ಮಲ್ಲಿಕಾರ್ಜುನನ) ಹೆಸರು ಕೂಗುತ್ತ ಹೋಗಿದ್ದನ್ನು ನಾನೇ ನೋಡಿರುತ್ತೇನೆ. ಬರುವಾಗ ಒಬ್ಬರೂ ಮಾತಾಡುವುದಿಲ್ಲ. ಟಿಕೆಟ್ ಕೇಳಿದರೆ ಮುಖ ನೋಡದೆ ದುಡ್ಡು ಕೊಡುತ್ತಾರೆ, ಚಿಲ್ಲರೆ ಎಣಿಸಿಕೊಳ್ಳುವುದೂ ಇಲ್ಲ. ಸುಸ್ತಾಗಿದೆ, ಪಾಪ ಅಂದುಕೊಳ್ಳುತ್ತಿದ್ದೆ.

ಈ ವರ್ಷ ರಜೆ ಹಾಕಿ ನಾನೇ ಹೊರಟೆ. ಹರಕೆ ಗಿರಕೆ ಏನೂ ಇರಲಿಲ್ಲ. ನಮ್ಮ ಓಣಿಯ ತಂಡದಲ್ಲಿ 23 ಜನ, ಗಂಟುಮೂಟೆ ಹೊರಲು ಒಂದು ಟಂಟಂ ಗಾಡಿ. ಮಲ್ಲಯ್ಯನ ಕಂಬಿ ಹೊತ್ತ ಐಗಳು (ನಮ್ಮ ಸ್ವಾಮಿಗಳು) ಮುಂದೆ, ನಾವು ಹಿಂದೆ. ರಾಯಚೂರು ದಾಟಿ, ಕರ್ನೂಲು ದಾಟಿ ಆತ್ಮಕೂರು. ಅಲ್ಲಿಯವರೆಗೆ ರಸ್ತೆ ನನಗೆ ಗೊತ್ತಿದ್ದದ್ದೇ. ಗೊತ್ತಿದ್ದದ್ದು ಅಂದರೆ, ಯಾವ ಊರಿನಲ್ಲಿ ಎಷ್ಟು ಜನ ಇಳಿಯುತ್ತಾರೆ ಅಂತ ಗೊತ್ತಿತ್ತು ಅಷ್ಟೇ. ಯಾವ ಊರಿನ ನೀರು ಸಿಹಿ, ಎಲ್ಲಿ ನೆರಳಿದೆ, ಯಾವ ಮನೆಯವರು ಬಿಸಿನೀರು ಕಾಯಿಸಿಟ್ಟುಕೊಂಡು ಬಾಗಿಲಲ್ಲಿ ಕಾಯುತ್ತಾರೆ ಎನ್ನುವುದು 9 ವರ್ಷ ಆ ರಸ್ತೆಯಲ್ಲಿ ಓಡಾಡಿದರೂ ಗೊತ್ತಿರಲಿಲ್ಲ.

ವೆಂಕಟಾಪುರದಿಂದ ಕಾಡು. ನಾಗಲೂಟಿ, ಪೆಚ್ಚೇರುವು, ಆಮೇಲೆ ಭೀಮನಕೊಳ್ಳ. ಕೊಳ್ಳಕ್ಕೆ ಇಳಿದು ಮತ್ತೆ ಹತ್ತಬೇಕಲ್ಲ, ಆ ಹಳೇ ಕಾಲದ ಕಲ್ಲಿನ ಮೆಟ್ಟಿಲು ಹತ್ತುವಾಗ ಮುಂದಿದ್ದವನ ಹಿಮ್ಮಡಿ ಬಿಟ್ಟು ನಾನು ಬೇರೇನೂ ನೋಡಲಿಲ್ಲ. ನಮ್ಮ ಜೊತೆ ಒಬ್ಬ ಹುಡುಗ ಮರಗಾಲು ಕಟ್ಟಿಕೊಂಡು ಬರುತ್ತಿದ್ದ. ಕಾಡಿನಲ್ಲಿ ಅವನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡ. ‘ಅಣ್ಣಾ, ಈಗ ನೆಲದ ಮೇಲೆ ನಡೆಯೋದೇ ಕಷ್ಟ ಅನಿಸ್ತದ’ ಅಂದ. ನಕ್ಕಿದ್ದೆ.

ಮೆಟ್ಟಿಲು ಮುಗಿಯುವಲ್ಲಿನ ಕೈಲಾಸ ಬಾಗಿಲು ತಲುಪಿದಾಗ ಮಧ್ಯಾಹ್ನ ಮೂರು ಗಂಟೆ. ಸುತ್ತ ಎಲ್ಲರೂ ಅಳುತ್ತಿದ್ದರು. ನಮ್ಮ ತಂಡದ ಹಿರಿಯರೊಬ್ಬರು ನೆಲಕ್ಕೆ ಹಣೆ ಹಚ್ಚಿ ಏಳಲೇ ಇಲ್ಲ. ನಾನು ಏನು ಮಾಡಿದೆ? ಚಹಾ ಎಲ್ಲಿ ಸಿಗುತ್ತದೆ ಅಂತ ನೋಡಿದೆ. ನಿಜ ಹೇಳುತ್ತಿದ್ದೇನೆ.

ಅಲ್ಲಿಂದ ಹಾಟಕೇಶ್ವರ. ಅದಾದ ಮೇಲೆ ಸಾಕ್ಷಿ ಗಣಪತಿ ಗುಡಿ ಬಂತಂತೆ. ಕತ್ತಲಾಗಿತ್ತು, ಕಾಲು ತಾವಾಗಿ ನಡೆಯುತ್ತಿದ್ದವು, ಕಣ್ಣು ಮುಚ್ಚಿಹೋಗುತ್ತಿದ್ದವು. ನಾನು ನಿಲ್ಲದೆ ದಾಟಿ ಹೋಗಿದ್ದೇನೆ. ಇದು ಗೊತ್ತಾದದ್ದು ಮರುದಿನ.

ಬೆಳಿಗ್ಗೆ ಪಾತಾಳಗಂಗೆಯಲ್ಲಿ ಸ್ನಾನ ಮಾಡಿ ಸಾಲಿನಲ್ಲಿ ನಿಂತೆವು. ಆರು ತಾಸು. ಮಲ್ಲಯ್ಯನ ಮುಂದೆ ನಿಂತದ್ದು ನಾಲ್ಕು ಸೆಕೆಂಡ್. ಹೊತ್ತು ಲೆಕ್ಕ ಹಾಕುವುದು ನನ್ನ ಕೆಲಸದ ಚಟ, ತಪ್ಪಿರಲಿಕ್ಕಿಲ್ಲ. ಏನೇನೋ ಕೇಳಿಕೊಳ್ಳಬೇಕೆಂದು 13 ದಿನ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಪಕ್ಕದಲ್ಲಿ ನಿಂತವರು ‘ಪದಂಡಿ, ಪದಂಡಿ’ ಅಂದರು. ನಾನು ದಿನಾ ಬಸ್ಸಿನಲ್ಲಿ ಹೇಳುವ ಮಾತೇ ಅದು, ‘ಮುಂದಕ್ಕ ನಡೀರಿ, ಮುಂದಕ್ಕ ನಡೀರಿ’. ಜೋಡಿಸಿಕೊಂಡಿದ್ದೆಲ್ಲ ಮರೆತು ಮುಂದಕ್ಕೆ ನಡೆದುಬಿಟ್ಟೆ.

ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆ. ಏನೂ ಅನಿಸಲಿಲ್ಲ. ಖುಷಿ ಇಲ್ಲ, ದುಃಖವೂ ಇಲ್ಲ. ಡ್ಯೂಟಿ ಮುಗಿದಿದೆ, ಆದರೆ ವೇಬಿಲ್ (ಟಿಕೆಟ್ ಲೆಕ್ಕದ ಹಾಳೆ) ಕ್ಲೋಸ್ ಮಾಡಿಲ್ಲ, ದುಡ್ಡು ಕಟ್ಟಿಲ್ಲ. ಆ ಥರ.

ಮರುದಿನ ಬಸ್ಸು ಹತ್ತಿದೆವು. ಕಿಟಕಿ ಪಕ್ಕ ಕುಳಿತೆ. ಆತ್ಮಕೂರಿನಿಂದ ಕರ್ನೂಲಿನವರೆಗೆ ನಾವು ಎರಡು ದಿನ ನಡೆದಿದ್ದ ದಾರಿ ಎರಡು ತಾಸೂ ಹಿಡಿಯಲಿಲ್ಲ. ಮಧ್ಯಾಹ್ನ ಮಲಗಿದ್ದ ಹುಣಸೆಮರ ಬಂತು, ಹೋಯಿತು. ಸ್ವಲ್ಪ ಮುಂದೆ ಒಂದು ನೀಲಿ ಬಾಗಿಲಿನ ಮನೆ. ಆ ಮನೆಯ ಹೆಣ್ಣುಮಗಳು ನನ್ನ ಕಾಲಿಗೆ ಬಿಸಿನೀರು ಹಾಕಿ, ಬೇಡ ಬೇಡ ಅಂದರೂ ಕೇಳದೆ ಎಣ್ಣೆ ಹಚ್ಚಿದ್ದಳು. ಅವಳಿಗೆ ಕನ್ನಡ ಬರುವುದಿಲ್ಲ, ನನಗೆ ಬರುವ ತೆಲುಗು ಟಿಕೆಟ್ ಕೇಳುವಷ್ಟು. ಆ ಮನೆ ಕಂಡ ಕೂಡಲೇ ನನ್ನ ಕೈ ಬೆಲ್ಲಿನ ಹಗ್ಗಕ್ಕೆ ಹೋಯಿತು. ಬಸ್ಸಿನ ಕಂಡಕ್ಟರ್ ತಿರುಗಿ ನೋಡಿದ. ಕೈ ಇಳಿಸಿದೆ. ಮನೆ ಹಿಂದೆ ಉಳಿಯಿತು. ಆಗ ಬಂತು ನೋಡಿ ಅಳು. ಟವೆಲ್ ಮುಖಕ್ಕೆ ಹಾಕಿಕೊಂಡು ರಾಯಚೂರಿನವರೆಗೆ ಕುಳಿತೆ. ಟಿಕೆಟ್ ಕೇಳಿದಾಗ ಮುಖ ನೋಡದೆ ದುಡ್ಡು ಕೊಟ್ಟೆ.

ಈಗ ಮನೆಯಲ್ಲಿದ್ದೇನೆ, ಡ್ಯೂಟಿಗೂ ಹೋಗುತ್ತಿದ್ದೇನೆ. ರಾತ್ರಿ ಎರಡೂವರೆಗೆ ಎಚ್ಚರ ಆಗುತ್ತದೆ. ಅದು ನಾವು ದಿನಾ ಹೊರಡುತ್ತಿದ್ದ ಹೊತ್ತು. ಎದ್ದು ಬಸ್ ಸ್ಟ್ಯಾಂಡಿನವರೆಗೆ ನಡೆದು ಬರುತ್ತೇನೆ. ನಾಯಿಗಳಿಗೂ ರೂಢಿಯಾಗಿದೆ, ಬೊಗಳುತ್ತಿಲ್ಲ. ಹೆಂಡತಿ ಮೊದಲೆರಡು ದಿನ ಸುಮ್ಮನಿದ್ದಳು, ಮೂರನೇ ದಿನ ‘ಇನ್ನೂ ಎಲ್ಲಿಗೆ ಹೋಗೋದದ ನಿಮಗ?’ ಅಂದಳು. ಉತ್ತರ ಇರಲಿಲ್ಲ. ಎಡ ಹಿಮ್ಮಡಿ ಬೆಳಿಗ್ಗೆ ನೆಲಕ್ಕೆ ಊರಲು ಬಿಡುವುದಿಲ್ಲ, ಹೆಬ್ಬೆರಳಿನ ಉಗುರು ಕಪ್ಪಾಗಿದೆ.

ನಾನು ಕೇಳುವುದು: ನಡೆದು ಹೋದವರಿಗೆ ‘ಮುಗಿಯಿತು’ ಅಂತ ಅನಿಸುವುದು ಎಲ್ಲಿ? ಗುಡಿಯಲ್ಲಿ ಅನಿಸದಿದ್ದರೆ ನಾನೇನಾದರೂ ತಪ್ಪು ಮಾಡಿದ್ದೇನಾ? ಸಾಕ್ಷಿ ಗಣಪತಿಗೆ ನಿಲ್ಲದೆ ಬಂದದ್ದಕ್ಕೆ ಹೀಗಾ? ದಯವಿಟ್ಟು ‘ಮುಂದಿನ ವರ್ಷ ಮತ್ತೆ ಹೋಗು’ ಅನ್ನಬೇಡಿ. ಡಿಪೋದಲ್ಲಿ ಎಲ್ಲರೂ ಅದನ್ನೇ ಹೇಳುತ್ತಿದ್ದಾರೆ.

ಜೋಳದ_ರೊಟ್ಟಿ:

ಅಣ್ಣಾ, ಮುಂದಿನ ವರ್ಷ ಮತ್ತೆ ಹೋಗಿ. ಕ್ಷಮಿಸಿ, ನನ್ನ ಹತ್ತಿರ ಬೇರೆ ಉತ್ತರ ಇಲ್ಲ. ನನಗೆ 4 ಸಲ ಆಯಿತು, ನಾಲ್ಕೂ ಸಲ ಹೀಗೇ ಆಗಿದೆ.

ಒಂದು ಮಾತು ಆಗಾಗ ಯೋಚಿಸುತ್ತೇನೆ. ಅಕ್ಕಮಹಾದೇವಿ ಉಡುತಡಿ ಬಿಟ್ಟು, ಕಲ್ಯಾಣ ದಾಟಿ, ಶ್ರೀಶೈಲಕ್ಕೆ ನಡೆದಳು. ಅಲ್ಲೇ ಕದಳಿ ವನದಲ್ಲಿ ಉಳಿದಳು. ವಾಪಸ್ ಬಸ್ ಹಿಡಿಯಬೇಕಾದ ತಾಪತ್ರಯ ಅವಳಿಗೆ ಇರಲಿಲ್ಲ. ನಮ್ಮ ತೊಂದರೆ ಶುರುವಾಗುವುದೇ ವಾಪಸ್ ಬಸ್ಸಿನಿಂದ.

ಅಜ್ಜಿಯ_ಮೊಮ್ಮಗ:

ನಮಸ್ಕಾರ ಅಣ್ಣಾ. ನಿಮ್ಮ ಪ್ರಶ್ನೆಯನ್ನು ನಮ್ಮಜ್ಜಿಗೆ ಓದಿ ಹೇಳಿದೆ. ಅಜ್ಜಿ 17 ಸಲ ನಡೆದವಳು, ಮೊಣಕಾಲು ಹೋದ ಮೇಲೆ ಬಿಟ್ಟಿದ್ದಾಳೆ. ನೀಲಿ ಬಾಗಿಲಿನ ಮನೆ ಬಂದಾಗ ಇನ್ನೊಂದು ಸಲ ಓದು ಅಂದಳು. ಅವಳು ಹೇಳಿದ್ದನ್ನು ಹಾಗೇ ಟೈಪ್ ಮಾಡುತ್ತಿದ್ದೇನೆ. ಅವಳ ಮಾತು ಸ್ವಲ್ಪ ಬಿರುಸು.

‘ತಮ್ಮಾ, ನೀನು ಮಲ್ಲಯ್ಯನ್ನ ನೋಡಿ ಬಂದ್ಯಲ್ಲ, ಹಿಂದೆ ಮೆಟ್ಟಿಲು ಹತ್ತಿ ಭ್ರಮರಾಂಬೆಯ ಗುಡಿಗೆ ಹೋಗಿದ್ಯೋ ಇಲ್ಲವೋ? ಅದನ್ನು ನೀನು ಬರೆದೇ ಇಲ್ಲ. ಅವಳು ಯಾರು ಅಂತ ಮಾಡಿದ್ದೀ? ನಮ್ಮ ಕಡೆಯವರಿಗೆ ಅವಳು ಮನೆಮಗಳು. ಮಲ್ಲಯ್ಯ ಅಳಿಯ. ಅದಕ್ಕೇ ನಾವು ಹೋಗುವಾಗ ಸೀರೆ, ಕುಪ್ಪಸ, ಬಳೆ, ಅರಿಸಿನ ಕುಂಕುಮ ಕಟ್ಟಿಕೊಂಡು ಹೋಗೋದು. ಉಡಿ ತುಂಬಿ ಬರೋದು. ದೂರದ ಊರಿಗೆ ಕೊಟ್ಟ ಮಗಳನ್ನು ವರ್ಷಕ್ಕೊಮ್ಮೆ ನೋಡಿ ಬರೋ ಹಾಗೆ.

ಮಗಳ ಮನೆಗೆ ಹೋದವರು ಬಾಗಿಲಲ್ಲಿ ನಿಂತು ನನಗೇನು ಅನಿಸ್ತು, ಏನು ಅನಿಸಲಿಲ್ಲ ಅಂತ ಲೆಕ್ಕ ಹಾಕ್ತಾರೇನು? ಹೋದೆವು, ಕೈಕಾಲು ತೊಳೆದೆವು, ಹೇಗಿದ್ದೀಯವ್ವ ಅಂದೆವು. ಅವಳಿಗೂ ಮನೆ ತುಂಬ ಜನ, ನಿನ್ನ ಜೊತೆ ಕೂತು ಮಾತಾಡೋಕೆ ಪುರಸೊತ್ತಿಲ್ಲ. ಯುಗಾದಿ ಹಬ್ಬ, ಅವಳ ತವರಿನವರೆಲ್ಲ ಒಂದೇ ದಿನ ಬಂದು ಕೂತರೆ ಅವಳಾದರೂ ಏನು ಮಾಡ್ಯಾಳು? ನಾಲ್ಕು ಸೆಕೆಂಡ್ ಸಿಕ್ಕಿದ್ದೇ ದೊಡ್ಡದು. ಕರುಳು ಹಿಡಿಯೋದು ಹೋಗುವಾಗಲ್ಲ. ಬರುವಾಗ, ಅವರ ಊರ ಅಗಸಿ ದಾಟಿದ ಮೇಲೆ. ಬಸ್ಸಿನಾಗೆ ನಾವು ಯಾಕೆ ಮಾತಾಡೋದಿಲ್ಲ ಅಂತ 9 ವರ್ಷ ನೋಡಿದ್ಯಲ್ಲ, ಒಂದು ಸಲ ಕೇಳಿದ್ದರೆ ಹೇಳ್ತಿದ್ದೆವು.’

ಸಾಕ್ಷಿ ಗಣಪತಿ ಬಗ್ಗೆ ನಾನೇ ಹೇಳುತ್ತೇನೆ. ಅಲ್ಲಿನ ಗಣಪತಿಯ ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಲೇಖನಿ ಇದೆ. ಇಂಥವರು ಶ್ರೀಶೈಲಕ್ಕೆ ಬಂದಿದ್ದರು ಅಂತ ಶಿವನ ಹತ್ತಿರ ಸಾಕ್ಷಿ ಹೇಳುವವನು ಅವನೇ ಅಂತ ನಂಬಿಕೆ. ಜನ ಅಲ್ಲಿ ನಿಂತು ತಮ್ಮ ಹೆಸರು ಹೇಳಿ ಬರುತ್ತಾರೆ. ನಿಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಚೆಕಿಂಗ್ ಇನ್‌ಸ್ಪೆಕ್ಟರ್. ಇದಕ್ಕೆ ಅಜ್ಜಿ ಹೇಳಿದ್ದು: ‘ಅವನು ಬರೆದುಕೊಂಡಿರ್ತಾನೆ, ಚಿಂತೆ ಬೇಡ. ಆದರೂ ಒಂದು ಸಲ ಹೋಗಿ ಹೇಳಿ ಬಾ. ನಿನಗೆ ಲೆಕ್ಕದ ಚಟ ಅಂತೀಯಲ್ಲ.’

ಕೊನೇ_ಸ್ಟಾಪ್:

ಅಜ್ಜಿಗೆ ನನ್ನ ಶರಣು ಹೇಳಿ ತಮ್ಮಾ. ಅಮ್ಮನ ಗುಡಿಗೆ ಹೋಗಿದ್ದೆ, ಆದರೆ ಬರಿಗೈಯಲ್ಲಿ. ತಂಡದ ಹೆಂಗಸರು ಉಡಿ ತುಂಬುವಾಗ ನಾನು ಚೀಲ ಕಾಯುತ್ತ ಕುಳಿತಿದ್ದೆ. ಇದನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ‘ಬರಿಗೈಲಿ ಹೋಗಿದ್ರಾ?’ ಅಂತ ಒಂದೇ ಮಾತು ಅಂದಳು. ಆಮೇಲೆ ರೊಟ್ಟಿ ಬಡಿಯುವ ಸದ್ದು ಮಾತ್ರ ಜೋರಾಗಿ ಕೇಳಿಸುತ್ತಿತ್ತು.

ನೈಟ್_ಶಿಫ್ಟ್:

ನಾನು ನರ್ಸ್. ಮನಸ್ಸಿನ ವಿಷಯ ಉಳಿದವರು ಹೇಳಲಿ, ನಾನು ಕಾಲಿನದಷ್ಟೇ ಹೇಳುತ್ತೇನೆ.

ಬೆಳಿಗ್ಗೆ ಎದ್ದ ಕೂಡಲೇ ಹಿಮ್ಮಡಿ ಊರಲು ಆಗದೆ, ಹತ್ತು ಹೆಜ್ಜೆ ನಡೆದ ಮೇಲೆ ನೋವು ಕಡಿಮೆ ಆಗುತ್ತಿದ್ದರೆ, ಹೆಚ್ಚಾಗಿ ಅದು ಅಂಗಾಲಿನ ಪಟ್ಟಿಯ ನೋವು. ಹಿಮ್ಮಡಿಯ ಮೂಳೆಯಿಂದ ಬೆರಳಿನ ಬುಡದವರೆಗೆ ಅಲ್ಲೊಂದು ಗಟ್ಟಿ ಪಟ್ಟಿ ಇರುತ್ತದೆ. ಹದಿಮೂರು ದಿನ ಅದನ್ನು ಎಳೆದಾಡಿದ್ದೀರಿ. ರಾತ್ರಿ ಮಲಗಿದಾಗ ಕುಗ್ಗುತ್ತದೆ, ಬೆಳಿಗ್ಗೆ ಒಮ್ಮೆಲೇ ಭಾರ ಬಿದ್ದರೆ ಕಿತ್ತುಬರುತ್ತದೆ. ಹಾಸಿಗೆಯಿಂದ ಇಳಿಯುವ ಮೊದಲು ಕಾಲ್ಬೆರಳುಗಳನ್ನು ಕೈಯಿಂದ ಹಿಡಿದು ಮೊಣಕಾಲಿನ ಕಡೆಗೆ ಎಳೆದುಕೊಳ್ಳಿ, ನಿಧಾನವಾಗಿ ಹತ್ತು ಸಲ. ನೀರಿನ ಬಾಟಲಿಯನ್ನು ಫ್ರಿಜ್ಜಿನಲ್ಲಿ ಗಡ್ಡೆ ಕಟ್ಟಿಸಿ ಅಂಗಾಲಿನ ಕೆಳಗೆ ಉರುಳಿಸಿ. ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಿ. ನಿಮ್ಮದು ನಿಂತೇ ಮಾಡುವ ಕೆಲಸ, ಅದಕ್ಕೇ ಬೇಗ ವಾಸಿ ಆಗಲಿಕ್ಕಿಲ್ಲ. ವಾರಗಟ್ಟಲೆ ಹಿಡಿಯಬಹುದು, ಕೆಲವರಿಗೆ ತಿಂಗಳುಗಟ್ಟಲೆ. ರಾತ್ರಿ ಎರಡೂವರೆಯ ಆ ನಡಿಗೆ ಸದ್ಯಕ್ಕೆ ನಿಲ್ಲಿಸಿದರೆ ಒಳ್ಳೆಯದು.

ಕಪ್ಪಾದ ಉಗುರನ್ನು ಕೀಳಬೇಡಿ. ತಾನಾಗಿ ಬೀಳುತ್ತದೆ. ಹೆಬ್ಬೆರಳಿಗೆ ಹೊಸ ಉಗುರು ಪೂರ್ತಿ ಬರಲು ಒಂದು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು.

ಒಂದು ಮಾತ್ರ ಗಮನ ಇರಲಿ. ತುಂಬ ನಡೆದು, ಆಮೇಲೆ ಇಡೀ ದಿನ ಬಸ್ಸಿನಲ್ಲಿ ಕಾಲು ಇಳಿಬಿಟ್ಟು ಕುಳಿತವರಿಗೆ ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಅದು ರಕ್ತ ಹೆಪ್ಪುಗಟ್ಟಿದ್ದಿರಬಹುದು. ಎಣ್ಣೆ ಹಚ್ಚಿ ತಿಕ್ಕುತ್ತ ಕೂರದೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಉಸಿರಾಡಲು ಕಷ್ಟ ಆದರಂತೂ ಒಂದು ನಿಮಿಷ ಕಾಯಬಾರದು. ಶುಗರ್ ಇರುವವರು ನಡೆದು ಬಂದ ಮೇಲೆ ಅಂಗಾಲನ್ನು ದಿನಾ ಕನ್ನಡಿ ಇಟ್ಟು ನೋಡಿಕೊಳ್ಳಿ. ಗುಳ್ಳೆ ಆದದ್ದೇ ಗೊತ್ತಾಗುವುದಿಲ್ಲ ಅವರಿಗೆ.

ಅಥಣಿ_ವಾರಕರಿ:

ಅಣ್ಣಾವ್ರೇ, ನಾನು ಶ್ರೀಶೈಲದವನಲ್ಲ, ಪಂಢರಪುರದವನು. ಅಂದರೆ ಆ ದಾರಿಯವನು. ಆಷಾಢ ಏಕಾದಶಿಗೆ ಪಂಢರಪುರ ತಲುಪುವಂತೆ ಜ್ಞಾನೇಶ್ವರರ ಪಾಲಕಿ ಆಳಂದಿಯಿಂದ ಹೊರಡುತ್ತದೆ, ತುಕಾರಾಮರದ್ದು ದೇಹುವಿನಿಂದ. ಸುಮಾರು 250 ಕಿ.ಮೀ., ಮೂರು ವಾರದ ಹತ್ತಿರ. ನಾನು ಆಳಂದಿಯ ದಿಂಡಿಯಲ್ಲಿ (ನಡೆಯುವವರ ತಂಡದಲ್ಲಿ) 6 ಸಲ ನಡೆದಿದ್ದೇನೆ.

ಗುಡಿಯಲ್ಲಿ ಮುಗಿಯಿತು ಅನಿಸಬೇಕು ಅಂತ ನೀವು ಹೇಳುತ್ತೀರಿ. ನಮ್ಮಲ್ಲಿ ಎಷ್ಟೋ ಜನ ಗುಡಿಯೊಳಗೆ ಹೋಗುವುದೇ ಇಲ್ಲ. ಅಷ್ಟು ಜನರಿಗೆ ಒಂದೇ ದಿನ ದರ್ಶನ ಆಗುವ ಮಾತಲ್ಲ ಅದು. ಚಂದ್ರಭಾಗಾ ನದಿಯಲ್ಲಿ ಮುಳುಗು ಹಾಕುತ್ತಾರೆ, ಗುಡಿಯ ಬಾಗಿಲಲ್ಲಿರುವ ಸಂತ ನಾಮದೇವರ ಮೆಟ್ಟಿಲಿಗೆ ಹಣೆ ಹಚ್ಚುತ್ತಾರೆ, ಗುಡಿಯ ಕಳಸ ನೋಡಿ ಕೈ ಮುಗಿಯುತ್ತಾರೆ. ಆಯಿತು. ನನ್ನ ಮೊದಲ ಸಲ ಇದನ್ನು ನೋಡಿ ಸಿಟ್ಟು ಬಂದಿತ್ತು. ಇಷ್ಟು ದೂರ ನಡೆದು ಬಂದು ಹೊರಗಿನಿಂದ ಹೋಗುವುದಾ ಅಂತ. ನಾನು ಹಟ ಹಿಡಿದು ಸಾಲಿನಲ್ಲಿ ನಿಂತೆ. ಒಳಗೆ ಹೋಗಿ ಬರುವಷ್ಟರಲ್ಲಿ ನಮ್ಮ ದಿಂಡಿಯವರು ಊಟ ಮುಗಿಸಿ ಪಾತ್ರೆ ತೊಳೆದಿಟ್ಟಿದ್ದರು.

ಆದರೆ ನಿಮಗೆ ಹೇಳಬೇಕಾದದ್ದು ಬೇರೆ. ಪಾಲಕಿ ಹೋಗುವುದು ಎಲ್ಲರಿಗೂ ಗೊತ್ತು, ಟಿವಿಯಲ್ಲಿ ತೋರಿಸುತ್ತಾರೆ. ಪಾಲಕಿ ವಾಪಸ್ಸೂ ನಡೆದೇ ಬರುತ್ತದೆ ಎನ್ನುವುದು ಎಷ್ಟು ಜನರಿಗೆ ಗೊತ್ತು? ಹುಣ್ಣಿಮೆ ದಿನ ಪಕ್ಕದ ಗೋಪಾಳಪುರದಲ್ಲಿ ಕಾಲಾ ಪ್ರಸಾದ ಹಂಚಿದ ಮೇಲೆ ಹೊರಡುತ್ತದೆ. ಪರತವಾರಿ ಅನ್ನುತ್ತಾರೆ. ಲಕ್ಷ ಜನ ಇದ್ದಲ್ಲಿ ಆಗ ಬೆರಳೆಣಿಕೆಯಷ್ಟು ಜನ. ನಾನು ಒಂದೇ ಸಲ ಹೋಗಿದ್ದೆ. ಹೋಗುವಾಗ ಚಪ್ಪರ ಹಾಕಿ ಊಟಕ್ಕೆ ಕರೆದಿದ್ದ ಊರಲ್ಲಿ ಬರುವಾಗ ಚಪ್ಪರವೂ ಇಲ್ಲ, ಜನರೂ ಇಲ್ಲ. ಬಿತ್ತನೆಗೆ ಹೋಗಿರುತ್ತಾರೆ. ಮಳೆ, ಕೆಸರು. ದಿನಕ್ಕೆ ನಡೆಯುವುದೂ ಜಾಸ್ತಿ. ಒಂದು ಊರಲ್ಲಿ ಒಬ್ಬ ಮುದುಕ ಮಾತ್ರ ಕಟ್ಟೆಯ ಮೇಲೆ ಕುಳಿತಿದ್ದ. ‘ಹೊರಟ್ರಾ?’ ಅಂದ. ‘ಹೊರಟೆವು’ ಅಂದೆವು. ಹೋಗುವಾಗಿನ ಇಪ್ಪತ್ತು ದಿನಕ್ಕಿಂತ ನನಗೆ ಆ ಮುದುಕನ ಮುಖವೇ ಜಾಸ್ತಿ ನೆನಪಿದೆ.

ನೀವು 400 ಕಿ.ಮೀ. ವಾಪಸ್ ನಡೆಯಿರಿ ಅನ್ನುವುದಿಲ್ಲ, ರಜೆ ಯಾರು ಕೊಡುತ್ತಾರೆ? ಆದರೆ ನಿಮ್ಮದು ಹೋಗುವುದು ಮಾತ್ರ ಆಗಿದೆ, ಬರುವುದು ಆಗಿಲ್ಲ. ದೇಹ ಬಸ್ಸಿನಲ್ಲಿ ಬಂತು. ಆ ನೀಲಿ ಬಾಗಿಲಿನ ಮನೆಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿಂದ ಸ್ವಲ್ಪ ದೂರ ಊರ ಕಡೆಗೆ ಮುಖ ಮಾಡಿ ನಡೆಯಿರಿ. ಸುಮ್ನೆ ಹೇಳಿದೆ. ನನಗೇನು ಗೊತ್ತು, ಆಗಿಬರಬಹುದು.

ದೂರದ_ಊರಿನವಳು:

ಇದನ್ನು ಓದಿ ನನ್ನದೂ ಹೇಳಬೇಕೆನಿಸಿತು. ಸ್ಪೇನ್‌ನಲ್ಲಿ ಸಾಂತಿಯಾಗೊ ಅಂತ ಒಂದು ಊರಿದೆ, ಕ್ರಿಶ್ಚಿಯನ್ನರು ನೂರಾರು ವರ್ಷದಿಂದ ಅಲ್ಲಿಗೆ ನಡೆದು ಹೋಗುತ್ತಾರೆ. ಪೂರ್ತಿ ದಾರಿ ಫ್ರಾನ್ಸಿನ ಗಡಿಯಿಂದ 780 ಕಿ.ಮೀ. ಹತ್ತಿರ. ನಾನು ಕೊನೆಯ 115 ಕಿ.ಮೀ. ಅಷ್ಟೇ ನಡೆದದ್ದು, ಆರು ದಿನ. ನಿಮ್ಮ ಮುಂದೆ ಹೇಳಿಕೊಳ್ಳುವಂಥದ್ದಲ್ಲ.

ಅಲ್ಲಿ ಒಂದು ಪುಟ್ಟ ಪುಸ್ತಕ ಕೊಡುತ್ತಾರೆ. ದಾರಿಯಲ್ಲಿ ಚರ್ಚು, ಛತ್ರ, ಚಹಾದಂಗಡಿಗಳಲ್ಲಿ ಮುದ್ರೆ ಹಾಕಿಸಿಕೊಳ್ಳಬೇಕು, ಕೊನೆಯ 100 ಕಿ.ಮೀ.ನಲ್ಲಿ ದಿನಕ್ಕೆ ಎರಡು. ತಲುಪಿದ ಮೇಲೆ ಕಚೇರಿಯಲ್ಲಿ ಆ ಮುದ್ರೆಗಳನ್ನು ನೋಡಿ ಲ್ಯಾಟಿನ್ ಭಾಷೆಯ ಒಂದು ಪತ್ರ ಕೊಡುತ್ತಾರೆ. ನಿಮ್ಮ ಸಾಕ್ಷಿ ಗಣಪತಿಯ ಪುಸ್ತಕದ ಮಾತು ಓದಿದಾಗ ನಗು ಬಂತು, ಅಲ್ಲಿ ಅದಕ್ಕೊಂದು ಆಫೀಸೇ ಇದೆ. ಪತ್ರ ಕೈಗೆ ಬಂದಾಗ ನನಗೂ ಏನೂ ಅನಿಸಲಿಲ್ಲ. ಹೆಸರು ಸರಿಯಾಗಿ ಬರೆದಿದ್ದಾರಾ ಅಂತ ನೋಡಿದೆ, ಅಷ್ಟೇ.

ಊರಿಗೆ ಸ್ವಲ್ಪ ಮೊದಲು ಒಂದು ಗುಡ್ಡ ಇದೆ, ‘ಸಂತೋಷದ ಗುಡ್ಡ’ ಅಂತಲೇ ಹೆಸರು. ಅಲ್ಲಿಂದ ಮೊದಲ ಸಲ ಚರ್ಚಿನ ಗೋಪುರ ಕಾಣುತ್ತದೆ, ಶ್ರೀಶೈಲದ ಶಿಖರೇಶ್ವರದಲ್ಲಿ ನಂದಿಯ ಕೊಂಬುಗಳ ನಡುವಿನಿಂದ ಗುಡಿಯ ಶಿಖರ ನೋಡುವ ಹಾಗೆ. ನನ್ನ ಜೊತೆಗಿದ್ದವಳು ಅಲ್ಲಿ ಅತ್ತಳು. ನಾನು ಅವಳ ಫೋಟೋ ತೆಗೆದೆ.

ಎಷ್ಟೋ ಜನ ಅಲ್ಲಿಗೆ ನಿಲ್ಲಿಸುವುದಿಲ್ಲ. ಇನ್ನೂ ಸುಮಾರು 90 ಕಿ.ಮೀ. ನಡೆದು ಫಿನಿಸ್ತೆರೆ ಎಂಬ ಕಡಲ ತುದಿಗೆ ಹೋಗುತ್ತಾರೆ. ಭೂಮಿಯ ಕೊನೆ ಅಂತ ಆ ಹೆಸರಿನ ಅರ್ಥ. ಅಲ್ಲೊಂದು ಮೈಲಿಗಲ್ಲು, ಅದರ ಮೇಲೆ ಸೊನ್ನೆ ಕಿ.ಮೀ. ಅಂತ ಬರೆದಿದೆ. ಮುಂದೆ ನೀರು. ಇನ್ನು ನಡೆಯೋಕೆ ನೆಲವೇ ಇಲ್ಲ ಅಂತಾದರೆ ಕಾಲು ಒಪ್ಪಿಕೊಳ್ಳುತ್ತದೆ ಅಂತ ಒಬ್ಬರು ಹೇಳಿದರು. ನಾನು ಅಲ್ಲಿಗೆ ಬಸ್ಸಿನಲ್ಲಿ ಹೋದೆ, ರಜೆ ಉಳಿದಿರಲಿಲ್ಲ. ಹೋಗಬಾರದಿತ್ತು. ನಡೆದು ಬಂದವರು ಆ ಕಲ್ಲಿನ ಪಕ್ಕ ಕುಳಿತು ಬೂಟು ಬಿಚ್ಚುತ್ತಿದ್ದರು. ನಾನು ದೂರ ನಿಂತೆ, ಟಿಕೆಟ್ ಇಲ್ಲದೆ ಬಸ್ಸು ಹತ್ತಿದವಳ ಹಾಗೆ.

ಕೊನೇ_ಸ್ಟಾಪ್:

ಎಲ್ಲರಿಗೂ ಶರಣು. ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ.

ನರ್ಸ್ ಅಕ್ಕಾವ್ರೇ, ಬಾಟಲಿ ಉರುಳಿಸುತ್ತಿದ್ದೇನೆ. ಹಿಮ್ಮಡಿ ಮುಕ್ಕಾಲು ಪಾಲು ಸರಿ ಆಗಿದೆ. ಮೀನಖಂಡ ನೋಡಿಕೊಂಡೆ, ಎರಡೂ ಸಮ ಇವೆ. ಉಗುರು ಇನ್ನೂ ಬಿದ್ದಿಲ್ಲ.

ಎರಡು ದಿನ ರಜೆ ಸಿಕ್ಕಿತು. ಹೆಂಡತಿ ಒಂದು ಸೀರೆ ತಂದಿಟ್ಟಿದ್ದಳು, ನನ್ನನ್ನು ಕೇಳದೆ. ಇಬ್ಬರೂ ಬಸ್ಸಿನಲ್ಲಿ ಹೋದೆವು. ಹಬ್ಬದ ಗದ್ದಲ ಇಲ್ಲ, ಸಾಲು ಬೇಗ ಸಾಗಿತು. ಹೆಂಡತಿ ಸೀರೆ, ಬಳೆ ಒಪ್ಪಿಸಿದಳು. ನಾನು ಪಕ್ಕದಲ್ಲಿ ನಿಂತಿದ್ದೆ. ಈ ಸಲ ಸೆಕೆಂಡ್ ಎಣಿಸಲಿಲ್ಲ, ಆದ್ದರಿಂದ ಎಷ್ಟು ಹೊತ್ತು ಅಂತ ಹೇಳಲು ಬರುವುದಿಲ್ಲ.

ಅಲ್ಲಿಂದ ಆಟೋ ಹಿಡಿದು ಸಾಕ್ಷಿ ಗಣಪತಿಗೆ ಹೋದೆವು. ಚಿಕ್ಕ ಗುಡಿ. ನಾನು ಅವತ್ತು ರಾತ್ರಿ ಇದರ ಮುಂದೆಯೇ ಹೇಗೆ ದಾಟಿ ಹೋದೆನೋ ನನಗೇ ತಿಳಿಯಲಿಲ್ಲ. ನನ್ನ ಹೆಸರು ಹೇಳಿದೆ. ಆಮೇಲೆ ನಮ್ಮ ತಂಡದವರ ಹೆಸರು ಒಂದೊಂದಾಗಿ ಹೇಳತೊಡಗಿದೆ. ಅವರೂ ಅವತ್ತು ನನ್ನ ಹಾಗೇ ನಿದ್ದೆಗಣ್ಣಿನಲ್ಲಿದ್ದರು, ಯಾರು ನಿಂತರೋ ಯಾರು ಬಿಟ್ಟರೋ. 22 ಹೆಸರು ಬಂದವು. ಒಂದು ಬರಲಿಲ್ಲ. ಮರಗಾಲಿನ ಹುಡುಗನದು. 13 ದಿನ ಜೊತೆಗೆ ನಡೆದಿದ್ದೇನೆ, ಅವನ ಹೆಸರು ಕೇಳಿಯೇ ಇಲ್ಲ. ಎಲ್ಲರೂ ಅವನನ್ನು ‘ಮರಗಾಲು’ ಅಂತಲೇ ಕರೆಯುತ್ತಿದ್ದರು. ಹಿಂದೆ ಜನ ಕಾಯುತ್ತಿದ್ದರು. ‘ಒಬ್ಬ ಮರಗಾಲಿನ ಹುಡುಗ’ ಅಂತ ಹೇಳಿ ಬಂದೆ.

ಬರುವಾಗ ಅಥಣಿಯವರು ಹೇಳಿದಂತೆ ನೀಲಿ ಬಾಗಿಲಿನ ಮನೆ ಹತ್ತಿರ ಇಳಿದೆವು. ಕಂಡಕ್ಟರ್ ನಮ್ಮವನೇ, ನಿಲ್ಲಿಸಿದ. ಬಾಗಿಲಿಗೆ ಬೀಗ ಹಾಕಿತ್ತು. ಪಕ್ಕದ ಮನೆಯವರು ಹೊಲಕ್ಕೆ ಹೋಗಿದ್ದಾರೆ ಅಂದರು. ಹೆಂಡತಿ ಚೀಲದಿಂದ ಶೇಂಗಾ ಹೋಳಿಗೆ ಡಬ್ಬಿ ತೆಗೆದು ಅವರ ಕೈಗೆ ಕೊಟ್ಟಳು. ಯಾರು ಕೊಟ್ಟರು ಅಂತ ಹೇಳಬೇಕು ಅಂತ ಅವರು ತೆಲುಗಿನಲ್ಲಿ ಕೇಳಿದರು. ನಾನು ನನ್ನ ಕಾಲು ತೋರಿಸಿದೆ. ಅವರು ನಕ್ಕರು. ಅಲ್ಲಿಂದ ಮುಂದಿನ ಸ್ಟಾಪಿನವರೆಗೆ ನಡೆದೆವು, ಊರ ಕಡೆಗೆ ಮುಖ ಮಾಡಿ. ಎರಡು ಕಿ.ಮೀ. ಇರಬಹುದು. ಬಿಸಿಲು ಬಹಳ ಇತ್ತು. ಮುಂದಿನ ಬಸ್ಸು ಹತ್ತಿದ ಮೇಲೆ ಹೆಂಡತಿ ರಾಯಚೂರಿನವರೆಗೆ ಮಾತಾಡಲಿಲ್ಲ. ಯಾಕೆ ಅಂದೆ. ಏನಿಲ್ಲ ಅಂದಳು.

ಅಜ್ಜಿಯನ್ನು ಒಂದು ಮಾತು ಕೇಳು ತಮ್ಮಾ. ಹೆಸರಿಲ್ಲದೆ ‘ಮರಗಾಲಿನ ಹುಡುಗ’ ಅಂತ ಹೇಳಿ ಬಂದಿದ್ದೇನೆ, ನಡೆಯುತ್ತದಾ? ಇಲ್ಲದಿದ್ದರೆ ಐಗಳಿಗೆ ಫೋನ್ ಮಾಡಿ ಹೆಸರು ಕೇಳುತ್ತೇನೆ.

ಅಜ್ಜಿಯ_ಮೊಮ್ಮಗ:

ನಡೆಯುತ್ತದಂತೆ. ಫೋನ್ ಮಾತ್ರ ಮಾಡಿ, ಹೆಸರು ಕೇಳಿಕೊಳ್ಳಿ ಅಂತಲೂ ಅಂದಳು. ಇನ್ನೊಂದು ಪ್ರಶ್ನೆ ಅಜ್ಜಿಯದು: ಸೀರೆ ಯಾವ ಬಣ್ಣದ್ದು?

ಕೊನೇ_ಸ್ಟಾಪ್:

ಹಸಿರು. ಇಳಕಲ್.